ಶನಿವಾರ ಸಂಜೆಗೇ ಶುರುವಾದ ರವಿವಾರ

ಇವತ್ತು ಮಠದ ಮೆಟ್ಟಿಲು ಹತ್ತುವಾಗ ಒಬ್ಬ ತಾಯಿ ನನ್ನನ್ನು ತಡೆದು ಒಂದು ಪ್ರಶ್ನೆ ಕೇಳಿದರು. ಮೋಕ್ಷದ ಪ್ರಶ್ನೆಯಲ್ಲ. "ಅಜ್ಜಾರ, ತೂಕ ಇಳಸಾಕ ಪಥ್ಯ ಹಿಡದೀನ್ರಿ. ವಾರದಾಗ ಒಂದು ದಿನ ಮನಸ್ಸಿಗೆ ಬಂದಂಗ ತಿಂದ್ರ ನಡೀತೈತೋ ಇಲ್ಲೋ?" ಎಂದರು.

ನೋಡಿ, ಗೋಡೆಗೆ ಒರಗಿದ್ದವರೆಲ್ಲ ಈಗ ಮುಂದೆ ಸರಿದು ಕೂತಿರಿ. ಇಷ್ಟು ದಿನ ಆತ್ಮದ ವಿಷಯ ಹೇಳಿದೆ, ಒಬ್ಬರೂ ಸರಿದಿರಲಿಲ್ಲ. ಇರಲಿ. ನಾನು ಡಾಕ್ಟರನಲ್ಲ, ಔಷಧ ಹೇಳಲಾರೆ. ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ.

ನಮ್ಮ ಸೀಮೆಯಲ್ಲೇ ಒಂದು ಊರು ಅಂದುಕೊಳ್ಳಿ. ಹೆಸರು ಬೇಡ, ಅವರ ಬೀಗರು ಇಲ್ಲಿ ಕೂತಿರಬಹುದು. ಆ ಊರಲ್ಲಿ ಉಳ್ಳವನೊಬ್ಬ. ರೈತರ ಕಾಳುಕಡಿ ತೂಗಿ ಮಾರಿಸಿಕೊಡುವ ದೊಡ್ಡ ಅಡತಿ ಅಂಗಡಿ, ಎರಡು ಅಂತಸ್ತಿನ ಮನೆ, ಮನೆಯಲ್ಲಿ ನಿಂಬೆವ್ವ ಎಂಬ ಹೆಂಡತಿ, ಆಕೆಯ ಕೈಯಲ್ಲಿ ಅಮೃತದಂಥ ಅಡುಗೆ. ಅವನನ್ನು ಗುರುಶಾಂತಪ್ಪ ಅಂತ ಕರೆಯೋಣ. ಒಳ್ಳೆಯವನು. ಯಾರಿಗೂ ಕೇಡು ಬಗೆದವನಲ್ಲ. ತೊಂದರೆ ಒಂದೇ. ಅವನಿಗಿಂತ ಅರ್ಧ ಗಂಟೆ ಮೊದಲು ಅವನ ಹೊಟ್ಟೆ ಅಂಗಡಿಗೆ ಬರುತ್ತಿತ್ತು.

ಒಂದು ಮನೆಪ್ರವೇಶದ ಊಟ. ನೆಲದ ಮೇಲೆ ಪಂಕ್ತಿ. ಗುರುಶಾಂತಪ್ಪ ಕೂತ, ಉಂಡ, ಇನ್ನೊಮ್ಮೆ ಬಡಿಸಿಕೊಂಡು ಉಂಡ. ಸಾಲಿನವರೆಲ್ಲ ಎದ್ದು ಕೈ ತೊಳೆದರು. ಇವನು ಏಳಲಿಲ್ಲ. ಎಲೆ ಎತ್ತುವವರು ಬಂದರು, ಇವನ ಎಲೆಯನ್ನೂ ಎತ್ತಿಕೊಂಡು ಹೋದರು. ಕಸ ಗುಡಿಸುವವಳು ಬಂದಳು, ಇವನ ಸುತ್ತಲೇ ಗುಡಿಸಿದಳು. ಯಾರು ಕೇಳಿದರೂ ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೇನೆ ಅನ್ನುತ್ತಿದ್ದ. ಕೊನೆಗೆ ಅವನ ಅಂಗಡಿಯ ಹಮಾಲರೇ ಬಂದು, ಜೋಳದ ಚೀಲ ಎತ್ತುವ ಹಾಗೆ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಎತ್ತಿದರು. ಊರು ನಕ್ಕಿತು. ಅವನೂ ನಕ್ಕ. ಆದರೆ ಮನೆಗೆ ಹೋಗಿ ಮೊಣಕಾಲು ಹಿಡಿದುಕೊಂಡು ಕೂತಾಗ ನಗು ಇರಲಿಲ್ಲ.

ಡಾಕ್ಟರಮ್ಮ ಕಾಲು ನೋಡಿದರು, ರಕ್ತ ನೋಡಿದರು. ತೂಕ ಇಳಿಯದಿದ್ದರೆ ಮೊಣಕಾಲಿಗೆ ಕತ್ತರಿ ಹಾಕಬೇಕಾಗುತ್ತದೆ, ಸಕ್ಕರೆ ಕಾಯಿಲೆಯೂ ಬಾಗಿಲಲ್ಲೇ ನಿಂತಿದೆ ಎಂದರು. ದಿನಾಲೂ ಒಂದಿಷ್ಟು ಕಡಿಮೆ ತಿನ್ನಿ, ಒಂದಿಷ್ಟು ನಡೆಯಿರಿ, ಹಬ್ಬ ಹುಣ್ಣಿಮೆಗೆ ಒಂದು ಹೋಳಿಗೆ ತಿಂದರೆ ಏನೂ ಆಗುವುದಿಲ್ಲ ಅಂತ ಹೇಳಿ ಕಳಿಸಿದರು. ಎಷ್ಟು ಸರಳ ಮಾತು. ಸರಳ ಮಾತು ನಮಗೆ ಹಿಡಿಸುತ್ತದೆಯೇ? ಹಿಡಿಸುವುದಿಲ್ಲ. ಮನೆಗೆ ಬಂದವನೇ ಮೊಬೈಲು ತೆಗೆದ.

ಮೊಬೈಲಿನಲ್ಲಿ ಅಂಗಿ ಹಾಕಿಕೊಳ್ಳದ ಒಬ್ಬ ಗಟ್ಟಿಮುಟ್ಟಾದ ಹುಡುಗ ಹೇಳುತ್ತಿದ್ದ: ಆರು ದಿನ ಕಟ್ಟುನಿಟ್ಟು, ಏಳನೆಯ ದಿನ ಚೀಟ್ ಡೇ. ಅವತ್ತು ಏನು ಬೇಕಾದರೂ ತಿನ್ನಿ. ಚೀಟ್ ಅಂದರೆ ಮೋಸ. ಯಾರಿಗೆ ಮೋಸ? ಡಾಕ್ಟರಮ್ಮನಿಗೋ? ಅವರ ಮೊಣಕಾಲು ಚೆನ್ನಾಗೇ ಇತ್ತು. ಗುರುಶಾಂತಪ್ಪ ಅದನ್ನೆಲ್ಲ ಯೋಚಿಸಲಿಲ್ಲ. "ಏನು ಬೇಕಾದರೂ" ಅನ್ನುವುದಷ್ಟೇ ಅವನಿಗೆ ಕೇಳಿಸಿತು.

ಮೊದಲ ತಿಂಗಳು ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ಸೋಮವಾರದಿಂದ ಶನಿವಾರದವರೆಗೆ ಒಂದೂವರೆ ರೊಟ್ಟಿ, ಎಣ್ಣೆ ಕಾಣದ ಪಲ್ಯ, ನೀರು ಮಜ್ಜಿಗೆ. ರವಿವಾರ ಮಧ್ಯಾಹ್ನ ಒಂದು ಊಟ, ಹೋಳಿಗೆಯ ಜೊತೆ. ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಇತ್ತಲ್ಲ, ಸೋಮವಾರ ಬೆಳಿಗ್ಗೆ ಅದರ ಮೇಲೆ ತಾನೇ ನಿಲ್ಲುತ್ತಿದ್ದ. ತೂಕ ಇಳಿದಿತ್ತು. ಹಮಾಲರಿಗೆಲ್ಲ ಚಹಾ ಕೊಡಿಸಿದ.

ಆಮೇಲೆ ರವಿವಾರ ಬೆಳೆಯತೊಡಗಿತು.

ಮೊದಲು ಮಧ್ಯಾಹ್ನದ ಊಟದ ಜೊತೆ ಬೆಳಗಿನ ಉಪ್ಪಿಟ್ಟು ಶೀರಾ ಸೇರಿತು. ಆಮೇಲೆ ಸಂಜೆಯ ಮಿರ್ಚಿ ಭಜಿ. ಒಂದು ದಿನ ಪಕ್ಕದ ಅಂಗಡಿಯ ಗೆಳೆಯ ದಾವಲಸಾಬ ಯಾವುದೋ ಮಾತಿಗೆ, ತಮ್ಮ ಲೆಕ್ಕದಲ್ಲಿ ಹೊತ್ತು ಮುಳುಗಿದರೆ ಮರುದಿನ ಶುರುವಾದ ಹಾಗೆ ಎಂದ. ಗುರುಶಾಂತಪ್ಪ ಕಿವಿ ನಿಮಿರಿಸಿದ. ಅಂದರೆ ಶನಿವಾರ ಸಂಜೆಗೇ ರವಿವಾರ. ಇನ್ನೊಂದು ದಿನ ಪಂಚಾಂಗ ಓದಲು ಬಂದ ಶಾಸ್ತ್ರಿಗಳನ್ನು ಕೇಳಿದ. ನಮ್ಮ ಲೆಕ್ಕದಲ್ಲಿ ದಿನವೆಂದರೆ ಸೂರ್ಯೋದಯದಿಂದ ಸೂರ್ಯೋದಯ ಅಂದರು ಅವರು. ಅಂದರೆ ಸೋಮವಾರ ಸೂರ್ಯ ಹುಟ್ಟುವ ತನಕ ರವಿವಾರವೇ. ಈಗ ಒಬ್ಬ ಬುದ್ಧಿವಂತ ಏನು ಮಾಡಬೇಕು? ರವಿವಾರವನ್ನು ದಾವಲಸಾಬನ ಲೆಕ್ಕದಲ್ಲಿ ಶುರು ಮಾಡಿದ, ಶಾಸ್ತ್ರಿಗಳ ಲೆಕ್ಕದಲ್ಲಿ ಮುಗಿಸಿದ. ಹಾಗೆ ನೋಡಿದರೆ ಗುರುಶಾಂತಪ್ಪನಷ್ಟು ಎರಡೂ ಧರ್ಮಗಳನ್ನು ಗೌರವಿಸಿದವರು ಆ ಊರಲ್ಲಿ ಯಾರೂ ಇರಲಿಲ್ಲ.

ದಾವಲಸಾಬ ಒಮ್ಮೆ ಕೇಳಿಯೇ ಬಿಟ್ಟ. "ಸಾವ್ಕಾರ್ರ, ನಮ್ಮ ಲೆಕ್ಕ ಹಿಡದ್ರ ರವಿವಾರ ಸಂಜಿಗೆ ಮುಗೀಬೇಕಲ್ರಿ?" ಗುರುಶಾಂತಪ್ಪ ಭಜಿ ಕಡಿಯುತ್ತ, ಮುಗಿಸುವ ವಿಷಯದಲ್ಲಿ ತಾನು ಹಿರಿಯರ ಪದ್ಧತಿ ಬಿಡುವವನಲ್ಲ ಎಂದ.

ಇನ್ನು ಉಳಿದ ದಿನಗಳು? ಅವು ರವಿವಾರದ ದಾರಿ ಕಾಯುವ ದಿನಗಳು. ಹೊಟ್ಟೆಗೆ ಉಪವಾಸ, ತಲೆಗೆ ಹಬ್ಬ. ಮಂಗಳವಾರವೇ ಈ ರವಿವಾರ ಕಡಬೋ ಮಂಡಿಗೆಯೋ ಎಂಬ ಚರ್ಚೆ. ಯಾರಾದರೂ ಎದುರಿಗೆ ಚೂಡಾ ತಿಂದರೆ ಅವರ ಮೇಲೆ ಸಿಟ್ಟು. ನಿಂಬೆವ್ವ ಆರು ದಿನ ರುಚಿಯಿಲ್ಲದ ಅಡುಗೆ ಮಾಡಿ ಬೈಸಿಕೊಂಡಳು, ಏಳನೆಯ ದಿನ ಒಲೆಯ ಮುಂದಿನಿಂದ ಏಳಲಿಲ್ಲ. ಸೋಮವಾರ ಕಾಟಾದ ಮೇಲೆ ನಿಂತರೆ ಮುಳ್ಳು ಮೇಲೆ. ರೈತರ ಮಾಲು ತೂಗುವಾಗ ಚೀಲದ ತೂಕ ಕಳೆಯುವ ಹಾಗೆ, ಧೋತರ ಅಂಗಿಯ ಲೆಕ್ಕಕ್ಕೆ ಒಂದು ಕೆಜಿ ಕಳೆದ. ಆದರೂ ಮೇಲೆ. ಕಾಟಾ ಕೆಟ್ಟಿದೆಯೆಂದು ರಿಪೇರಿಯವನನ್ನು ಕರೆಸಿದ. ಅವನು ಪರೀಕ್ಷೆ ಮಾಡಿ, ಕಾಟಾ ಸರಿಯಾಗಿದೆ ಅಂತ ಹೇಳಿ, ತಿರುಗಿ ನೋಡದೆ ಹೋದ.

ಹೀಗಿರುವಾಗ ನಾಗರಪಂಚಮಿ ಬಂತು. ಅದೂ ಬುಧವಾರ ಬಂತು.

ಗುರುಶಾಂತಪ್ಪನಿಗೆ ಒಬ್ಬಳೇ ಅಕ್ಕ, ಸಾವಂತ್ರೆವ್ವ. ವಯಸ್ಸಾದವಳು, ದೂರದ ಹಳ್ಳಿಗೆ ಕೊಟ್ಟಿದ್ದರು. ತಂದೆ ತಾಯಿ ತೀರಿಕೊಂಡಿದ್ದರಿಂದ ಆಕೆಗೆ ತವರು ಅಂದರೆ ಈ ತಮ್ಮನ ಮನೆ. ವರ್ಷಕ್ಕೊಮ್ಮೆ ಪಂಚಮಿಗೆ ಬರುವಳು. ಈ ಸಲ ಮನೆಯಲ್ಲಿ ಉಂಡಿ ಮಾಡಕೂಡದು ಎಂದು ಗುರುಶಾಂತಪ್ಪ ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದ. ಅಕ್ಕನಿಗೆ ಅದು ಗೊತ್ತಾಗಿ ತಾನೇ ಮಾಡಿಕೊಂಡು ಬಂದಳು. ಶೇಂಗಾ ಉಂಡಿ, ರವೆ ಉಂಡಿ, ಎಳ್ಳಿನ ಉಂಡಿ, ಒಂದು ದೊಡ್ಡ ಡಬ್ಬಿ. ಎರಡು ಬಸ್ಸು ಬದಲಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು.

ಕಾಲು ತೊಳೆದುಕೊಂಡವಳೇ ಡಬ್ಬಿ ತೆಗೆದು ತಮ್ಮನ ಮುಂದೆ ಹಿಡಿದಳು. "ಒಂದು ಬಾಯಾಗ ಹಾಕ್ಕೋ ತಮ್ಮಾ."

ತಮ್ಮ ಡಬ್ಬಿ ನೋಡಿದ, ಗೋಡೆಯ ಕ್ಯಾಲೆಂಡರು ನೋಡಿದ. "ಇವತ್ತು ಬುಧವಾರ ಅಕ್ಕಾ. ಅಲ್ಲೇ ಇಡು, ರವಿವಾರ ತಿಂತೀನಿ."

"ರವಿವಾರಕ್ಕ ನಾ ಇರೂದಿಲ್ಲೋ."

"ಡಬ್ಬಿ ಇರತೈತಲ್ಲ."

ಕೇಳಿದಿರಾ? ಡಬ್ಬಿ ಇರುತ್ತದಲ್ಲ ಎಂದ. ಅವನು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ತನ್ನ ಸಂಯಮ ನೋಡಿ ಅಕ್ಕ ಮೆಚ್ಚುತ್ತಾಳೆ ಅಂತಲೇ ತಿಳಿದಿದ್ದ. ಅಕ್ಕ ಡಬ್ಬಿ ಮುಚ್ಚಿ ನಿಂಬೆವ್ವನ ಕೈಗೆ ಕೊಟ್ಟಳು. ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದಳು.

ಶನಿವಾರ ಹೊತ್ತು ಮುಳುಗಿತು. ಗುರುಶಾಂತಪ್ಪ ಡಬ್ಬಿ ತರಿಸಿಕೊಂಡ. ಮನೆಮಂದಿಗೆ ಎರಡೆರಡು ಕೊಟ್ಟು, ಓಣಿಯವರಿಗೆ ನಾಲ್ಕು ಕಳಿಸಲೇ ಎಂದು ನಿಂಬೆವ್ವ ಕೇಳಿದ್ದಕ್ಕೆ, ಅವರಿಗೆ ವಾರವಿಡೀ ರವಿವಾರ, ತನಗೆ ಇದೊಂದೇ ಅಂದ. ಟೀವಿ ಹಚ್ಚಿದ. ಒಂದು ಕೈಯಲ್ಲಿ ಮೊಬೈಲು. ಅದರಲ್ಲಿ ಆ ಅಂಗಿಯಿಲ್ಲದ ಹುಡುಗ ಹೊಟ್ಟೆ ಕರಗಿಸುವ ವ್ಯಾಯಾಮ ತೋರಿಸುತ್ತಿದ್ದ. ಇನ್ನೊಂದು ಕೈ ಡಬ್ಬಿಯಲ್ಲಿ. ಕಣ್ಣು ವ್ಯಾಯಾಮದ ಮೇಲೆ, ಬಾಯಿ ಉಂಡಿಯ ಮೇಲೆ. ಅವತ್ತು ತಿಂದ, ಮರುದಿನ ತಿಂದ, ಸೋಮವಾರ ಸೂರ್ಯ ಹುಟ್ಟುವ ಮೊದಲು ಎದ್ದು ಉಳಿದದ್ದನ್ನೂ ತಿಂದ. ಡಬ್ಬಿಯ ತಳ ಕಂಡಿತು.

ಸೋಮವಾರ ಮಧ್ಯಾಹ್ನ ಅಕ್ಕನ ಫೋನು ಬಂತು. ಉಂಡಿ ಹೇಗಿದ್ದವು ಅಂತ ಕೇಳಿದಳು. ಹೊಟ್ಟೆ ಹಿಡಿದುಕೊಂಡು ಮಲಗಿದ್ದವನು ಬಹಳ ಚೆನ್ನಾಗಿದ್ದವು ಎಂದ.

"ತಳದಾಗ ನಾಕು ಗೋದಿಹಿಟ್ಟಿನವು ಇಟ್ಟಿದ್ದೆ, ಗಸಗಸಿ ಹಾಕಿ. ಅವ್ವ ಮಾಡತಿದ್ಲಲ್ಲ, ಅವು. ಇಷ್ಟು ವರ್ಷ ಮಾಡಾಕ ನೋಡೀನಿ, ಆಗಿದ್ದಿಲ್ಲ. ಈ ಸಲ ಆಗ್ಯಾವು ಅನಸತೈತಿ. ಅವ್ವನ ಕೈರುಚಿ ಬಂದೈತೇನು ಹೇಳು. ಆ ರುಚಿ ಗೊತ್ತಿದ್ದಾಂವ ನೀನೊಬ್ಬನೇ ಉಳಿದಿ."

ಗುರುಶಾಂತಪ್ಪ ಎದ್ದು ಕೂತು ಖಾಲಿ ಡಬ್ಬಿಯ ಕಡೆ ನೋಡಿದ. ಗಸಗಸೆಯ ಉಂಡಿ ಇದ್ದವೇ? ಯಾವಾಗ ತಿಂದೆ? ಯಾವ ವ್ಯಾಯಾಮ ನಡೆಯುತ್ತಿದ್ದಾಗ ತಿಂದೆ? ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಆಕೆಯ ಕೈರುಚಿ ನಾಲ್ಕು ಉಂಡಿಯಾಗಿ ಮನೆಗೆ ಬಂದಿತ್ತು. ಅವನು ಅದನ್ನು ನುಂಗಿದ್ದ, ನೋಡಿರಲಿಲ್ಲ.

"ಅಕ್ಕಾ, ಗೊತ್ತಾಗಲಿಲ್ಲ. ತಿಂದೆ. ರುಚಿ ನೋಡಲಿಲ್ಲ."

ಆ ಕಡೆಯಿಂದ ಅಕ್ಕ ಮೆಲ್ಲಗೆ ಕೇಳಿದಳು, "ಅಷ್ಟೂ ತಿಂದ್ಯಾ?"

"ಅಷ್ಟೂ."

ಅಕ್ಕ ನಕ್ಕುಬಿಟ್ಟಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ನಕ್ಕಿದ್ದಕ್ಕೆ ಅತ್ತುಬಿಟ್ಟ. ನಿಂಬೆವ್ವ ಓಡಿ ಬಂದಳು. ಹೊಟ್ಟೆನೋವಿಗೆ ಅಳುತ್ತಿದ್ದಾನೆಂದು ತಿಳಿದು ಓಂಕಾಳು ಕೊಟ್ಟಳು.

ಎರಡು ದಿನ ಬಿಟ್ಟು, ಹೊಟ್ಟೆ ಒಂದು ಹದಕ್ಕೆ ಬಂದಮೇಲೆ, ಗುರುಶಾಂತಪ್ಪ ಅಕ್ಕನ ಊರಿಗೆ ಹೋದ. ಬಸ್ಸು ನಿಲ್ಲುವ ಕಡೆಯಿಂದ ಮನೆಗೆ ನಡೆದೇ ಹೋದ, ಮೂರು ಕಡೆ ಕೂತು ಸುಧಾರಿಸಿಕೊಂಡು. ಅಕ್ಕ ಮತ್ತೆ ಗೋದಿಹಿಟ್ಟು ಹುರಿದಳು. ಅವನು ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು ಬೆಲ್ಲ ಹೆರೆದುಕೊಟ್ಟ. ಮೊಬೈಲು ಅಂಗಿಯ ಜೇಬಿನಲ್ಲಿ, ಅಂಗಿ ಗೂಟದ ಮೇಲೆ. ಅಕ್ಕ ಒಂದು ಉಂಡಿ ಕಟ್ಟಿ ಅವನ ಅಂಗೈಯಲ್ಲಿಟ್ಟಳು. ಅವನು ಸ್ವಲ್ಪ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ಅವ್ವ ಇನ್ನೊಂದೀಟು ಹುರೀತಿದ್ಲಕ್ಕಾ. ಹಿಟ್ಟು ಕೆಂಪಗ ಆಗೂತನಕ."

ಅಕ್ಕ ಇನ್ನೊಂದು ಹಿಡಿ ಹಿಟ್ಟು ಹುರಿದಳು, ಕೆಂಪಗಾಗುವ ತನಕ. ಹೊಸದೊಂದು ಕಟ್ಟಿ, ಅರ್ಧ ಅವನಿಗೆ ಕೊಟ್ಟು ಅರ್ಧ ತಾನು ತಿಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅದು ಅವ್ವನ ಉಂಡಿಯೇ. ಅಕ್ಕ ಇನ್ನೊಂದು ಮುಂದೆ ಹಿಡಿದಾಗ ಅವನು ಸಾಕು ಅಂದ. ಆ ಮಾತು ಕೇಳಿ ಅವನಿಗೇ ಆಶ್ಚರ್ಯವಾಯಿತು. ಸುಳ್ಳಿಗೆ ಅಂದದ್ದಲ್ಲ, ನಿಜಕ್ಕೂ ಸಾಕಾಗಿತ್ತು. ಅವತ್ತು ಯಾವ ವಾರ ಅಂತ ಅವನಿಗೆ ನೆನಪಿರಲಿಲ್ಲ.

ಮನೆಗೆ ಬಂದಮೇಲೆ ನಿಂಬೆವ್ವ ಈ ರವಿವಾರ ಏನು ಮಾಡಲಿ ಅಂತ ಕೇಳಿದಳು. ಎಲ್ಲರಿಗೂ ಮಾಡಿದ್ದನ್ನೇ ತನಗೂ ಮಾಡು ಅಂದ.

"ಹಂಗಾದ್ರ ರವಿವಾರ ನನಗ ಸೂಟಿ," ಎಂದಳು ಆಕೆ. ರವಿವಾರ ಬಂದದ್ದೇ ತಡ, ಸೀರೆ ಬದಲಿಸಿ ತಂಗಿಯ ಮನೆಗೆ ಹೋಗಿಬಿಟ್ಟಳು.

ಆಮೇಲೆ ಅವನು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದನ್ನು ಮಾಡಿದ. ದಿನಾಲೂ ಒಂದಿಷ್ಟು ಕಡಿಮೆ, ಆದರೆ ಉಪ್ಪು ಖಾರ ಇರುವ, ಮನುಷ್ಯರು ತಿನ್ನುವ ಊಟ. ದಿನಾಲೂ ಒಂದಿಷ್ಟು ನಡಿಗೆ. ಹಬ್ಬ ಬಂದರೆ ಹಬ್ಬದ ಊಟ, ಎಲ್ಲರ ಜೊತೆ. ಮರುದಿನ ಮತ್ತೆ ಅದೇ ರೊಟ್ಟಿ ಪಲ್ಯ. ತೂಕ ಇಳಿಯಿತೇ? ಇಳಿಯಿತು, ಬಹಳ ನಿಧಾನವಾಗಿ. ಮೊಣಕಾಲಿನ ಕತ್ತರಿಯ ಮಾತನ್ನು ಡಾಕ್ಟರಮ್ಮ ಸದ್ಯಕ್ಕೆ ಬಿಟ್ಟಿದ್ದಾರೆ. ಇವತ್ತಿಗೂ ಅವನು ತೆಳ್ಳಗಿಲ್ಲ. ಆದರೆ ಅವನ ಮನೆಯಲ್ಲಿ ಈಗ ಬುಧವಾರವೂ ಜನ ನಗುತ್ತಾರೆ.

ಈಗ ಹೇಳಿ, ತಪ್ಪು ಯಾರದು? ಉಂಡಿಯದೇ? ರವಿವಾರದ್ದೇ? ಮೊದಲ ತಿಂಗಳು ಅದೇ ರವಿವಾರ ಅವನಿಗೆ ಆಸರೆಯಾಗಿತ್ತಲ್ಲ. ಮೆಟ್ಟಿಲ ಮೇಲೆ ಕೇಳಿದ ತಾಯಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಯಾವತ್ತಾದರೂ ಒಂದು ದಿನ ಇಷ್ಟವಾದದ್ದನ್ನು ತಿಂದು ಮರುದಿನ ಸಮಾಧಾನದಿಂದ ನಿಮ್ಮ ಪಥ್ಯಕ್ಕೆ ಮರಳಿದರೆ ಆ ದಿನ ನಿಮ್ಮ ಗೆಳತಿ. ಆರು ದಿನ ಊಟವನ್ನು ವೈರಿಯೆಂದು ದ್ವೇಷಿಸಿ, ಏಳನೆಯ ದಿನ ಅದರ ಮೇಲೆ ದಂಡೆತ್ತಿ ಹೋದರೆ, ಸೋಲುವವರು ನೀವೇ. ಹಬ್ಬ ಬೇರೆ, ಸೇಡು ಬೇರೆ.

ನಗುತ್ತಿದ್ದೀರಿ. ಶ್ರಾವಣ ಸೋಮವಾರ ಒಪ್ಪತ್ತು ಮಾಡುವವರೇ, ಆ ಒಪ್ಪತ್ತಿನಲ್ಲಿ ತಟ್ಟೆ ತುಂಬ ಸಾಬೂದಾನಿ ವಡೆ ತಿಂದದ್ದು ಶಿವನಿಗೆ ಕಾಣುವುದಿಲ್ಲ ಅಂದುಕೊಂಡಿರಾ? ಬೇಕಾದಷ್ಟು ತಿಂದು "ನಾಳೆಯಿಂದ ಶುರು" ಅನ್ನುವವರೇ, ನಿಮ್ಮ ನಾಳೆ ಎಷ್ಟು ಸಲ ಬಂದು ವಾಪಸು ಹೋಯಿತು?

ನಾಳೆ ಬೇಡ, ಇವತ್ತಿನಿಂದಲೇ ಹೀಗೆ ಮಾಡಿ. ಉಣ್ಣುವಾಗ ಡಬ್ಬಿಯಿಂದ ಉಣ್ಣಬೇಡಿ, ತಟ್ಟೆಗೆ ಹಾಕಿಕೊಂಡು ಉಣ್ಣಿ. ಮೊಬೈಲು ದೂರ ಇಡಿ. ಎದುರಿಗೆ ಯಾರಾದರೂ ಇದ್ದರೆ ಅವರ ಮುಖ ನೋಡಿ. ಪ್ರೀತಿಯಿಂದ ಮಾಡಿ ತಂದದ್ದನ್ನು ವಾರ ನೋಡಿ ದೂಡಬೇಡಿ. ಒಂದೇ ತೆಗೆದುಕೊಳ್ಳಿ, ಅದರ ರುಚಿ ತಿಳಿದು ತಿನ್ನಿ. ಯಾವತ್ತೋ ಒಂದು ದಿನ ಹೆಚ್ಚಾಯಿತೋ, ಮರುದಿನ ಉಪವಾಸ ಬಿದ್ದು ನಿಮ್ಮನ್ನು ನೀವು ಶಿಕ್ಷಿಸಬೇಡಿ, ಎಂದಿನ ಊಟಕ್ಕೆ ಮರಳಿ. ಬಡಿಸುವ ತಾಯಂದಿರೇ, ನಿಮಗೂ ಒಂದು ಮಾತು. ಸಾಕು ಅಂದವರ ತಟ್ಟೆಗೆ ಆಣೆ ಹಾಕಿ ಸುರಿಯಬೇಡಿ. ಸಾಕು ಅನ್ನಲು ಎಷ್ಟು ಕಷ್ಟಪಟ್ಟಿರುತ್ತಾರೋ ನಿಮಗೇನು ಗೊತ್ತು.

ಇವತ್ತು ದಾಸೋಹದಲ್ಲಿ ಗೋದಿ ಹುಗ್ಗಿ ಮಾಡಿದ್ದಾರೆ. ಒಂದು ಸೌಟು ಹಾಕಿಸಿಕೊಳ್ಳಿ. ಉಂಡು ಹೋಗುವಾಗ ಅಡುಗೆಯವರ ಹತ್ತಿರ ನಿಂತು ಹುಗ್ಗಿ ಹೇಗಿತ್ತು, ಅದರಲ್ಲಿ ಏನೇನು ಇತ್ತು ಹೇಳಿ ಹೋಗಿ. ಹೇಳಲು ಬಂದರೆ ಇವತ್ತಿನ ಪ್ರವಚನ ನಿಮಗೆ ಮುಟ್ಟಿತು. ಬರದಿದ್ದರೆ ಇಷ್ಟು ಹೊತ್ತು ನಾನು ಗೋಡೆಗೆ ಹೇಳಿದೆ ಅಂತ ತಿಳಿಯುತ್ತೇನೆ.

ಏಳಿ. ನಿಧಾನ, ನಿಧಾನ. ಹಿಂದಿನವರು ಮುಂದಿನವರನ್ನು ದಾಟಬೇಡಿ. ಹುಗ್ಗಿ ಎಲ್ಲೂ ಓಡಿಹೋಗುವುದಿಲ್ಲ.