ಹೊನ್ನಮ್ಮ ಯಾರಿಗೆ ಕೈ ಎತ್ತಿದಳು?

ಅನುಮಾನದ ವಿಚಾರ ಹೇಳ್ತಾ ಇದ್ದೆ. ಬರೀ ಉಪದೇಶ ಆದರೆ ನಿಮಗೆ ಆಕಳಿಕೆ ಬರುತ್ತೆ. ಹಿಂದಿನ ಸಾಲಲ್ಲಿ ಆಗಲೇ ಇಬ್ಬರಿಗೆ ಬಂತು, ನೋಡಿದೆ. ಅದಕ್ಕೇ ಒಂದು ಕಥೆ ಹೇಳ್ತೀನಿ, ಕೇಳಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಊರು ಅಂದರೆ ಸಣ್ಣದಲ್ಲ, ಮಹಾನಗರ. ಸಿಮೆಂಟು, ಕಬ್ಬಿಣ, ಲಾರಿ ಎಲ್ಲಾ ಅವನದೇ. ಹೆಸರು ಬೇಡ, ಸಾಹುಕಾರ ಅನ್ನೋಣ. ಹೆಸರು ಹೇಳಿಬಿಟ್ಟರೆ ನೀವು ಕಥೆ ಬಿಟ್ಟು ಅವನ ಜಾತಿ ಯಾವುದು, ಪಕ್ಷ ಯಾವುದು ಅಂತ ಹುಡುಕೋಕೆ ಹೊರಡ್ತೀರಿ.

ಈ ಸಾಹುಕಾರನಿಗೆ ಎಲ್ಲಾ ಇತ್ತು, ಒಂದು ಇರಲಿಲ್ಲ. ಮೇಯರ್ ಆಗಬೇಕು! ಕೊರಳಲ್ಲಿ ಆ ಬಂಗಾರದ ಸರ, ಮೈಮೇಲೆ ಆ ಕೆಂಪು ಗೌನು, ಅದೊಂದು ಬೇಕು. ನಿಮಗೆ ಗೊತ್ತಲ್ಲ, ಮೇಯರನ್ನ ಜನ ನೇರವಾಗಿ ಆರಿಸೋದಿಲ್ಲ. ನಾವು ವಾರ್ಡಿಗೊಬ್ಬರಂತೆ ಸದಸ್ಯರನ್ನ ಆರಿಸ್ತೀವಿ, ಆ ಸದಸ್ಯರು ಸಭೆಯಲ್ಲಿ ಕೈ ಎತ್ತಿ ತಮ್ಮಲ್ಲೇ ಒಬ್ಬರನ್ನ ಮೇಯರ್ ಮಾಡ್ತಾರೆ. ಒಂದು ವರ್ಷದ ಕುರ್ಚಿ. ಒಂದು ವರ್ಷದ್ದು! ಅದಕ್ಕೆ ಎಷ್ಟು ಹೊಡೆದಾಟ ನೋಡಿ.

ಎದುರಿಗೆ ನಿಂತವರು ಒಬ್ಬ ಮೇಷ್ಟ್ರು. ಹೈಸ್ಕೂಲಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಿ ಆದವರು. ಅವರ ಕಡೆ ಅರ್ಧ ಜನ, ಇವನ ಕಡೆ ಅರ್ಧ ಜನ, ತಕ್ಕಡಿ ಅಲ್ಲಾಡ್ತಾ ಇತ್ತು. ಒಂದು ಕೈ ಆ ಕಡೆ ಹೋದರೆ ಸಾಹುಕಾರ ಮನೆಗೆ, ಒಂದು ಕೈ ಈ ಕಡೆ ಬಂದರೆ ಮೇಷ್ಟ್ರು ಮನೆಗೆ.

ಇಂಥ ಹೊತ್ತಲ್ಲಿ ಏನು ಮಾಡ್ತಾರೆ ಹೇಳಿ? ಹಾಂ, ಅದೇ. ರೆಸಾರ್ಟು! ಸಾಹುಕಾರ ತನ್ನ ಕಡೆಯ ಸದಸ್ಯರನ್ನೆಲ್ಲ ಒಂದು ಬಸ್ಸಲ್ಲಿ ಕೂರಿಸಿಕೊಂಡು, ಊರಾಚೆ ಅಣೆಕಟ್ಟಿನ ಹಿನ್ನೀರಿನ ಪಕ್ಕದ ಒಂದು ರೆಸಾರ್ಟಿಗೆ ಕರಕೊಂಡು ಹೋದ. ಊಟ ಚೆನ್ನಾಗಿತ್ತು, ಹಾಸಿಗೆ ಮೆತ್ತಗಿತ್ತು. ಆದರೆ ಎಲ್ಲರ ಮೊಬೈಲು ಕಿತ್ತುಕೊಂಡು ಬೀರುವಲ್ಲಿಟ್ಟು ಬೀಗ ಹಾಕಿದ. ಗೇಟಿಗೂ ಬೀಗ ಹಾಕಿದ. ನೋಡಿ, ಬೀಗ ಹಾಕಿದ್ದು ವೈರಿಗಳಿಗಲ್ಲ. ತನ್ನವರಿಗೆ!

ಯಾಕೆ? ಅದಕ್ಕೂ ಕಾರಣ ಇತ್ತು, ಇಲ್ಲ ಅನ್ನಲ್ಲ. ಹಿಂದಿನ ಸಲ ಚುನಾವಣೆಗೆ ಒಂದು ದಿನ ಇರುವಾಗ ಇವನ ಕಡೆಯ ಒಬ್ಬ ಸದಸ್ಯ ಗೋಳೋ ಅಂತ ಅತ್ತುಕೊಂಡು ಬಂದ. "ಅಣ್ಣಾ, ನಮ್ಮಪ್ಪ ಹೋಗ್ಬಿಟ್ರು." ಸಾಹುಕಾರ ಪಾಪ, ಕಾರು ಕೊಟ್ಟ, ಹಾರ ಕೊಟ್ಟ, ಕಣ್ಣೊರೆಸಿ ಕಳಿಸಿದ. ಮಾರನೇ ದಿನ ಆ ಪುಣ್ಯಾತ್ಮ ಎದುರು ಸಾಲಲ್ಲಿ ಕೂತು ಕೈ ಎತ್ತಿದ. ಅವನಪ್ಪ ಹೋಟೆಲಲ್ಲಿ ದೋಸೆ ತಿಂತಾ ಇದ್ದ! ಸಾಹುಕಾರ ಅವತ್ತು ಸೋತ. ಹಾವು ಕಚ್ಚಿಸಿಕೊಂಡವನಿಗೆ ಹಗ್ಗ ಕಂಡರೂ ಭಯ. ಅವತ್ತಿಂದ ಯಾರು ಅತ್ತರೂ ಅವನಿಗೆ ಆ ದೋಸೆನೇ ಕಾಣ್ತಿತ್ತು.

ಈ ಸಲ ಆ ಬಸ್ಸಲ್ಲಿ ಹೋದವರಲ್ಲಿ ಹೊನ್ನಮ್ಮ ಅಂತ ಒಬ್ಬಳಿದ್ದಳು. ಮೊದಲ ಸಲ ಗೆದ್ದವಳು. ಒಂದು ಸಣ್ಣ ಖಾನಾವಳಿ ನಡೆಸ್ತಿದ್ದಳು, ಗಂಡ ತಿಮ್ಮೇಶ ಆಟೋ ಓಡಿಸ್ತಿದ್ದ. ಅವಳು ಚುನಾವಣೆಗೆ ನಿಂತಾಗ ಮನೆಮನೆ ತಿರುಗಿದ್ದು ಯಾರು ಗೊತ್ತಾ? ಅವಳ ಅತ್ತೆ. ಮಂಡಿನೋವಿನ ಮುದುಕಿ ಕೋಲು ಹಿಡಕೊಂಡು, "ನನ್ನ ಸೊಸೆ ಉಂಡವರನ್ನ ಎಂದೂ ಅರೆಹೊಟ್ಟೆಲಿ ಎಬ್ಬಿಸಿದವಳಲ್ಲ, ಅವಳಿಗೊಂದು ಓಟು ಹಾಕ್ರಪ್ಪಾ" ಅಂತ ಬಾಗಿಲು ಬಾಗಿಲು ತಟ್ಟಿದ್ದಳು. ಸಾಹುಕಾರ ಬೆಂಬಲ ಕೇಳೋಕೆ ಮನೆಗೆ ಬಂದಾಗಲೂ ಅತ್ತೆಯ ಮುಂದೆಯೇ ಹೊನ್ನಮ್ಮ, "ಆಗಲಿ ಅಣ್ಣಾ, ನನ್ನ ಕೈ ನಿಮಗೇ" ಅಂದಿದ್ದಳು.

ಚುನಾವಣೆಯ ಹಿಂದಿನ ದಿನ. ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ರೆಸಾರ್ಟಿನ ಆಫೀಸಿಗೆ ಫೋನು ಬಂತು, ಹೊನ್ನಮ್ಮನಿಗೆ. ತಿಮ್ಮೇಶ ಮಾಡಿದ್ದ.

"ಅವ್ವ ಬಚ್ಚಲಲ್ಲಿ ಬಿದ್ಬಿಟ್ಳು ಕಣೇ. ತಲೆಗೆ ಏಟಾಗಿದೆ. ಆಸ್ಪತ್ರೆಗೆ ಸೇರಿಸಿದೀವಿ. ಡಾಕ್ಟ್ರು ಏನೂ ಹೇಳಕ್ಕಾಗಲ್ಲ ಅಂತಾರೆ. ನಿನ್ನೇ ಕೇಳ್ತಾವ್ಳೆ, ಬೇಗ ಬಾ."

ಹೊನ್ನಮ್ಮ ಕೈ ಸಹ ತೊಳೀಲಿಲ್ಲ. ಎಂಜಲು ಕೈಯಲ್ಲೇ ಸಾಹುಕಾರನ ಮುಂದೆ ಹೋಗಿ ನಿಂತಳು. ವಿಷಯ ಹೇಳಿದಳು. ಅತ್ತಳು.

ಸಾಹುಕಾರ ಅವಳ ಮುಖ ನೋಡಿದ. ಕಣ್ಣೀರು ನೋಡಲಿಲ್ಲ, ಕಣ್ಣೀರಿನ ಹಿಂದೆ ಏನಿದೆ ಅಂತ ನೋಡಿದ. ಪಕ್ಕದಲ್ಲಿ ಅವನ ಬಂಟ ಕಾಂತರಾಜ ನಿಂತಿದ್ದ. ಕಾಂತರಾಜ ಕಿವಿಯಲ್ಲಿ ಹೇಳಿದ, "ಅಣ್ಣಾ, ಅತ್ತೆಗೋಸ್ಕರ ಇಷ್ಟು ಅಳೋ ಸೊಸೆನ ನೀವು ಎಲ್ಲಾದ್ರೂ ನೋಡಿದೀರಾ?"

ನಗ್ತೀರಿ! ನಗಿ, ನಗಿ. ನೀವು ಈಗ ನಕ್ಕಿರಲ್ಲ, ಅದೇ ನಗು ಅವತ್ತು ಸಾಹುಕಾರನಿಗೂ ಬಂತು. ಆ ನಗುವಲ್ಲೇ ಆ ಹೆಣ್ಣುಮಗಳ ದಾರಿ ಮುಚ್ಚಿಹೋಯಿತು.

ಸಾಹುಕಾರ ಹೇಳಿದ, "ಅಮ್ಮಾ, ಸ್ವಲ್ಪ ತಡಿ. ಕಾಂತರಾಜ ಹೋಗಿ ನೋಡ್ಕೊಂಡು ಬರ್ಲಿ. ನಿಜ ಆಗಿದ್ರೆ ನಾನೇ ಕರ್ಕೊಂಡು ಹೋಗ್ತೀನಿ."

ಕಾಂತರಾಜ ಆಸ್ಪತ್ರೆಗೆ ಹೋದ. ಬಾಗಿಲಲ್ಲೇ ಏನು ಕಂಡ? ಮೇಷ್ಟ್ರ ಕಾರು. ಒಳಗೆ ಕಾಲಿಟ್ಟ. ಅಲ್ಲಿ ಬೆಂಚಿನ ಮೇಲೆ ಯಾರು ಕೂತಿದ್ದರು? ಮೇಷ್ಟ್ರೇ! ಪಕ್ಕದಲ್ಲಿ ತಿಮ್ಮೇಶ ತಲೆ ಬಗ್ಗಿಸಿ ಕೂತಿದ್ದ, ಮೇಷ್ಟ್ರು ಅವನ ಬೆನ್ನ ಮೇಲೆ ಕೈಯಿಟ್ಟಿದ್ದರು. ಕಾಂತರಾಜ ಅಲ್ಲಿಂದಲೇ ತಿರುಗಿದ. ಒಳಗೆ ಹೋಗಿ ಹಾಸಿಗೆ ಮೇಲೆ ಯಾರಿದ್ದಾರೆ ಅಂತ ನೋಡಿದನಾ? ಇಲ್ಲ. ಒಬ್ಬ ನರ್ಸಮ್ಮನ್ನ ಕೇಳಿದನಾ? ಇಲ್ಲ. ಯಾಕೆ ಕೇಳಬೇಕು? ಅನುಮಾನಕ್ಕೆ ಬೇಕಾದ ಊಟ ಬಾಗಿಲಲ್ಲೇ ಸಿಕ್ಕಿತಲ್ಲ!

"ಅಣ್ಣಾ, ನಾವು ಅಂದ್ಕೊಂಡಿದ್ದೇ ಸರಿ. ಮೇಷ್ಟ್ರು ಅಲ್ಲೇ ಕಾಯ್ತಾ ಕೂತವ್ರೆ. ಆ ಗಂಡನ್ನ ಆಗ್ಲೇ ಬುಟ್ಟಿಗೆ ಹಾಕ್ಕೊಂಡವ್ರೆ. ಇವಳು ಹೋದ್ಲು ಅಂದ್ರೆ ವಾಪಸ್ ಬರಲ್ಲ."

ಸಾಹುಕಾರ ಹೊನ್ನಮ್ಮನ್ನ ಕರೆಸಿದ. "ಅಲ್ಲಿ ಮೇಷ್ಟ್ರು ಯಾಕೆ ಕೂತಿದ್ದಾರೆ ಹೇಳು."

"ಅವರು ನಮ್ಮ ಹಿಂದಿನ ಬೀದಿಯೋರು ಅಣ್ಣಾ. ಅಲ್ಲೆಲ್ಲ ಕಾರಿರೋದು ಅವರೊಬ್ಬರ ಮನೇಲೇ. ಎತ್ತಿ ಹಾಕ್ಕೊಂಡು ಹೋಗಿರ್ತಾರೆ."

"ಚುನಾವಣೆ ನಾಳೆ ಇಟ್ಕೊಂಡು? ನಮ್ಮ ಸದಸ್ಯೆಯ ಅತ್ತೆನ? ನನ್ನನ್ನ ಎಷ್ಟು ದಡ್ಡ ಅಂದ್ಕೊಂಡಿದೀಯಮ್ಮಾ?"

"ಅಣ್ಣಾ, ನನ್ನ ಜೊತೆ ನಿಮ್ಮ ಜನ ಕಳಿಸಿ. ಎಡಗಡೆ ಒಬ್ಬ, ಬಲಗಡೆ ಒಬ್ಬ ನಿಂತ್ಕೊಳ್ಳಲಿ. ಅತ್ತೆ ಮುಖ ನೋಡಿ, ಬಾಯಿಗೆ ಒಂದು ಗುಟುಕು ನೀರು ಹಾಕಿ ಅದೇ ಕಾರಲ್ಲಿ ಬಂದ್ಬಿಡ್ತೀನಿ. ನಾನು ಮಾತು ಕೊಟ್ಟಿದೀನಿ ಅಣ್ಣಾ."

"ಮಾತು ಹಿಂದಿನ ಸಲದವನೂ ಕೊಟ್ಟಿದ್ದ. ನಾಳೆ ಕೈ ಎತ್ತು, ಎತ್ತಿದ ತಕ್ಷಣ ಹೋಗು" ಅಂದ. ಆಫೀಸಿನ ಫೋನನ್ನೂ ಅವಳು ಮುಟ್ಟದ ಹಾಗೆ ಕಾವಲಿಟ್ಟ.

ಅಲ್ಲಿ ಬಾಕಿ ಸದಸ್ಯರೂ ಇದ್ದರಲ್ಲ, ಒಬ್ಬರಾದರೂ ಬಾಯಿ ಬಿಟ್ಟರಾ? ಇಲ್ಲ. ದುಷ್ಟರಾ ಅವರು? ಅಲ್ಲ, ನಿಮ್ಮ ನಮ್ಮ ಥರದವರೇ. ಆದರೆ ಮಾತಾಡಿದರೆ ತಮ್ಮ ಮೇಲೂ ಅನುಮಾನ ಬರುತ್ತೆ ಅಂತ ಭಯ. ಸಂಜೆ ಒಬ್ಬಳು ಸದಸ್ಯೆ ಮಾತ್ರ ಹೊನ್ನಮ್ಮನಿಗೆ ಒಂದು ಲೋಟ ಕಾಫಿ ತಂದುಕೊಟ್ಟಳಂತೆ. ಕೊಡೋಕೆ ಮುಂಚೆ ಯಾರಾದರೂ ನೋಡ್ತಾರಾ ಅಂತ ಆ ಕಡೆ ಈ ಕಡೆ ನೋಡಿದಳು. ಕಾಫಿ ಕೊಡೋಕೂ ಕಳ್ಳಹೆಜ್ಜೆ! ಅನುಮಾನ ಹೊಕ್ಕ ಮನೆ ಹೀಗಿರುತ್ತೆ.

ಇತ್ತ ಆಸ್ಪತ್ರೆಯಲ್ಲಿ ತಿಮ್ಮೇಶನಿಗೆ ಬಾಗಿಲ ಕಡೆ ನೋಡಿ ನೋಡಿ ಸಾಕಾಯಿತು. ಅವನಿಗೂ ಹುಳ ಹೊಕ್ಕಿತು. 'ಸದಸ್ಯೆ ಆದಮೇಲೆ ಇವಳು ಬದಲಾದಳು. ಕುರ್ಚಿ ಮುಂದೆ ನಮ್ಮವ್ವ ಯಾವ ಲೆಕ್ಕ?' ಅಂತ. ಸುತ್ತ ನೆಂಟರೂ ಅದನ್ನೇ ಅಂದರು. ಆ ಮುದುಕಿ, ಎಚ್ಚರ ಬಂದಾಗೆಲ್ಲ ಸೊಸೆ ಹೆಸರು ಹೇಳ್ತಿದ್ದವಳು, ಮಗನ ಗೊಣಗು ಕೇಳಿಸಿಕೊಂಡು ಏನಂದಳು ಗೊತ್ತಾ?

"ಹೊನ್ನಿ ಬರ್ದೆ ಇರೋಳಲ್ಲ. ಯಾರೋ ಬಿಟ್ಟಿಲ್ಲ ಕಣೋ ಅವಳನ್ನ."

ಇಡೀ ಮಹಾನಗರದಲ್ಲಿ ಅವತ್ತು ಹೊನ್ನಮ್ಮನ್ನ ನಂಬಿದವಳು ಇವಳೊಬ್ಬಳು. ಅವಳ ತಲೆಗೆ ಪೆಟ್ಟಾಗಿತ್ತು, ಆದರೂ ಸರಿಯಾಗಿ ಯೋಚನೆ ಮಾಡಿದವಳು ಅವಳೊಬ್ಬಳೇ.

ಮಾರನೇ ಬೆಳಗ್ಗೆ ಬಸ್ಸು ಹೊರಟಿತು. ಪಾಲಿಕೆಯ ಸಭಾಂಗಣ ತುಂಬಿತ್ತು. ಚುನಾವಣಾಧಿಕಾರಿ ಎದ್ದು ನಿಂತರು. "ಮೇಷ್ಟ್ರ ಪರವಾಗಿ ಇರೋರು ಕೈ ಎತ್ತಿ." ಆ ಕಡೆ ಕೈಗಳು ಮೇಲೆದ್ದವು. ಯಾರೂ ಆ ಕೈಗಳನ್ನ ನೋಡ್ತಾ ಇಲ್ಲ, ಎಲ್ಲರೂ ಹೊನ್ನಮ್ಮನ್ನ ನೋಡ್ತಾ ಇದ್ದಾರೆ. ಕಾಂತರಾಜ ಗೋಡೆ ಪಕ್ಕ ಹಲ್ಲು ಕಚ್ಚಿಕೊಂಡು ನಿಂತಿದ್ದಾನೆ. ಸಾಹುಕಾರನ ಹಣೆಯಲ್ಲಿ ಬೆವರು. ಹೊನ್ನಮ್ಮನ ಕೈ ಮಡಿಲಲ್ಲೇ ಇತ್ತು.

"ಸಾಹುಕಾರರ ಪರವಾಗಿ ಇರೋರು?"

ಎಲ್ಲರಿಗಿಂತ ಮೊದಲು ಎದ್ದ ಕೈ ಹೊನ್ನಮ್ಮನದು.

ಎಣಿಸಿದರು. ಒಂದೇ ಕೈ ಹೆಚ್ಚು! ಸಾಹುಕಾರ ಮೇಯರ್ ಆದ. ಪಟಾಕಿ ಹೊಡೆದರು, ಹಾರ ಬಿತ್ತು, ಜೈಕಾರ ಹಾಕಿದರು. ಹೊನ್ನಮ್ಮ ಯಾರ ಕಡೆಯೂ ನೋಡದೆ ಹೊರಗೆ ಓಡಿದಳು. ಗೇಟಲ್ಲಿ ತಿಮ್ಮೇಶ ಆಟೋ ಪಕ್ಕ ನಿಂತಿದ್ದ. ಅವನು ಅಲ್ಲಿ ನಿಂತಿದ್ದಾನೆ ಅಂದರೆ ಇನ್ನು ಆಸ್ಪತ್ರೆಯಲ್ಲಿ ಅವನಿಗೆ ಕೆಲಸ ಇಲ್ಲ ಅಂತ ಅರ್ಥ. ಅವಳಿಗೆ ತಿಳಿದುಹೋಯಿತು.

"ನನ್ನ ಕೇಳಿದ್ರಾ?" ಅಂದಳು.

"ಬೆಳಕು ಹರಿಯೋವರ್ಗೂ ಕೇಳಿದ್ಲು. ಆಮೇಲೆ ಸುಮ್ನಾದ್ಲು."

ತಾಯಂದಿರೇ, ಕಣ್ಣೊರೆಸಿಕೊಳ್ಳಿ, ಕಥೆ ಇನ್ನೂ ಮುಗಿದಿಲ್ಲ. ನಾನು ಹೇಳಬೇಕಾದ್ದು ಇರೋದೇ ಇನ್ನು ಮುಂದೆ.

ಮೇಯರ್ ಸಾಹೇಬ ಹೊಸ ಕಾರಲ್ಲಿ ಹಾರ ತಗೊಂಡು ಸಾವಿನ ಮನೆಗೆ ಬಂದ. ಹೆಣಕ್ಕೆ ಹಾರ ಹಾಕಿದ, ಕೈ ಮುಗಿದ. ಹೊನ್ನಮ್ಮನ ಹತ್ತಿರ ಬಂದು, "ತಪ್ಪಾಯ್ತು ತಾಯಿ" ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. "ಇಷ್ಟಾದ್ರೂ ನನಗೇ ಕೈ ಎತ್ತಿದೆಯಲ್ಲ, ಯಾಕೆ?" ಅಂತ ಕೇಳಿದ.

"ಅತ್ತೆ ಮುಂದೆ ಮಾತು ಕೊಟ್ಟಿದ್ದೆ."

"ಅಷ್ಟೇನಾ?"

ಕೇಳಿದಿರಾ? ಅಷ್ಟೇನಾ! ಹೆಣ ಅಂಗಳದಲ್ಲಿದೆ, ಮಾತು ಉಳಿಸಿಕೊಂಡವಳು ಎದುರಿಗಿದ್ದಾಳೆ, ಇವನು ಅಷ್ಟೇನಾ ಅಂತಾನೆ! ಹೊನ್ನಮ್ಮ ಬೆನ್ನು ತಿರುಗಿಸಿದಳು. ಒಳಗೆ ಹೋದಳು.

ಕಾರಲ್ಲಿ ಕೂತು ಅವನು ಕಾಂತರಾಜನಿಗೆ ಹೇಳಿದ, "ಏನೋ ದೊಡ್ಡದೇ ಕೇಳ್ತಾಳೆ, ನೋಡ್ತಿರು." ಕಾದ. ಅವಳು ಅವನ ಕಚೇರಿಗೆ ಬಂದಾಗೆಲ್ಲ ಇವನು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿ ಕೂರ್ತಿದ್ದ, ಈಗ ಕೇಳ್ತಾಳೆ ಅಂತ. ಅವಳು ವಾರ್ಡಿನ ಚರಂಡಿ ವಿಷಯ ಹೇಳಿ ಎದ್ದು ಹೋಗ್ತಿದ್ದಳು. ಕೇಳದೇ ಇದ್ದಷ್ಟೂ ಇವನಿಗೆ ಭಯ ಹೆಚ್ಚಾಯಿತು. ಮೇಷ್ಟ್ರು ಅವಳಿಗೆ ನಮಸ್ಕಾರ ಮಾಡಿದರೆ ಒಳಸಂಚು, ಮಾಡದೇ ಇದ್ದರೆ ಇನ್ನೂ ದೊಡ್ಡ ಒಳಸಂಚು! ಅವಳು ಏನೂ ಕೇಳಲಿಲ್ಲ, ವರ್ಷ ಮುಗಿಯಿತು. ಆಸೆಪಟ್ಟ ಆ ಸರ ಹಾಕಿಕೊಂಡು ಅವನು ಒಂದು ದಿನವೂ ನೆಮ್ಮದಿಯಾಗಿ ಉಣ್ಣಲಿಲ್ಲ. ಅವನು ಆ ಹೆಂಗಸಿನಿಂದ ಅತ್ತೆಯ ಕೊನೆಯ ಮಾತು ಕಿತ್ತುಕೊಂಡ ಅಂತ ನಾವು ಬೈತೀವಿ. ಸರಿಯೇ. ಆದರೆ ತನ್ನಿಂದ ಏನು ಕಿತ್ತುಕೊಂಡ ನೋಡಿ. ಯಾರಾದರೂ ತನಗೋಸ್ಕರ ಒಳ್ಳೆಯದು ಮಾಡಿದರೆ ಅದನ್ನ ತಗೊಳ್ಳೋ ಕೈಯನ್ನೇ ಕಳಕೊಂಡ.

ಈಗ ನನಗೆ ಗೊತ್ತು, ನಿಮ್ಮಲ್ಲಿ ಒಂದಷ್ಟು ಜನಕ್ಕೆ ಒಂದು ಪ್ರಶ್ನೆ ಇದೆ. ಎದುರಿನ ಆ ಯಜಮಾನರ ಮುಖದಲ್ಲೇ ಕಾಣ್ತಾ ಇದೆ. 'ಬುದ್ಧಿ, ಆ ಮೇಷ್ಟ್ರು ನಿಜವಾಗಲೂ ಒಳ್ಳೆಯವರಾ? ಇಲ್ಲ, ಓಟಿಗೋಸ್ಕರ ಕಾರು ತಂದರಾ?' ಹೌದು ತಾನೇ? ನೋಡಿ, ಹಿಡಿದುಬಿಟ್ಟೆ! ಒಬ್ಬಳು ಮುದುಕಿ ಸತ್ತಿದ್ದಾಳೆ, ಸೊಸೆ ಅಳ್ತಿದ್ದಾಳೆ, ನಾವು ಕೂತ ಜಾಗದಿಂದ ಮೇಷ್ಟ್ರ ವಿಚಾರಣೆ ಮಾಡ್ತಾ ಇದ್ದೀವಿ. ಕಾಂತರಾಜ ರೆಸಾರ್ಟಲ್ಲಿ ಮಾತ್ರ ಇಲ್ಲಪ್ಪ. ಇಲ್ಲಿ ಜಮಖಾನದ ಮೇಲೂ ಕೂತಿದ್ದಾನೆ!

ಇದೇ ಪ್ರಶ್ನೆ ಹೊನ್ನಮ್ಮನನ್ನೂ ಒಬ್ಬರು ಕೇಳಿದರು. ಅವಳು ಹೇಳಿದಳು, "ಓಟಿಗೆ ಬಂದಿದ್ರೂ ಬಂದಿರಬಹುದು, ನನಗೆ ಗೊತ್ತಿಲ್ಲ. ಆ ಹೊತ್ತಿಗೆ ಕಾರು ಬಂತು." ಅಷ್ಟೇ ಹೇಳಿದಳು.

ಹಾಗಾದರೆ ಅನುಮಾನವೇ ಬೇಡವಾ? ಬೇಕು. ಓಟು ಕೇಳೋಕೆ ಬರ್ತಾರಲ್ಲ, ಅವರನ್ನ ಪಡಸಾಲೆಯಲ್ಲಿ ಕೂರಿಸಿ ಕೇಳಿ. ಹೋದ ಸಲ ಏನು ಹೇಳಿದ್ದೆ, ಏನು ಮಾಡಿದೆ, ನಮ್ಮ ನಲ್ಲಿಯಲ್ಲಿ ಕೊಳಕು ನೀರು ಯಾಕೆ ಬರುತ್ತೆ ಅಂತ ಬಿಡದೆ ಕೇಳಿ. ಆದರೆ ನಾವು ಮಾಡೋದೇನು? ಅವರಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ತೀವಿ. ಮನೆಗೆ ಬಂದು ಹೆಂಡತಿಗೆ ಪಾಟೀಸವಾಲು! ಯಾರ ಫೋನು, ಯಾಕೆ ತಡ, ಯಾರ ಜೊತೆ ನಗ್ತಿದ್ದೆ? ಅಂಗಡಿಯ ಕೆಲಸದವನು ಜ್ವರ ಅಂದರೆ ಅವನ ಪಕ್ಕದ ಮನೆಗೆ ಫೋನು ಮಾಡಿ ವಿಚಾರಿಸ್ತೀವಿ. ಕುರ್ಚಿಯಲ್ಲಿರೋರನ್ನ ಕೇಳಬೇಕಾದ ಪ್ರಶ್ನೆನೆಲ್ಲ ಕೈಲಾಗದವರನ್ನ ಕೇಳ್ತೀವಿ.

ಹೌದು, ಸುಳ್ಳು ಹೇಳೋರು ಇದ್ದಾರೆ. ದೋಸೆ ತಿನ್ನೋ ಅಪ್ಪಂದಿರು ಎಲ್ಲಾ ಊರಲ್ಲೂ ಇದ್ದಾರೆ. ಅವರಿಂದ ಮೋಸ ಹೋಗೋದು ತಪ್ಪೋದಿಲ್ಲ ನಮಗೆ. ಆದರೆ ಒಬ್ಬ ಸುಳ್ಳ ಮಾಡಿದ್ದಕ್ಕೆ ದಂಡ ಯಾರ ಕೈಲಿ ಕಟ್ಟಿಸ್ತೀರಿ? ಸಾಹುಕಾರ ಹೊನ್ನಮ್ಮನ ಕೈಲಿ ಕಟ್ಟಿಸಿದ.

ಅದಕ್ಕೇ ನಾಳೆಯಿಂದ ಒಂದು ಕೆಲಸ ಮಾಡಿ. ಯಾರಾದರೂ ಸಾವು, ನೋವು, ಆಸ್ಪತ್ರೆ ಅಂತ ಬಂದು ಮುಂದೆ ನಿಂತರೆ ಮೊದಲು ಕಳಿಸಿಕೊಡಿ, ಆಮೇಲೆ ಕೇಳಿ. ಬೆಳಗ್ಗೆ ಕೆಲಸದಾಕೆ ಬಾಗಿಲಲ್ಲಿ ನಿಂತು, "ಅಮ್ಮಾ, ಮಗೂಗೆ ಹುಷಾರಿಲ್ಲ, ಇವತ್ತು ಬರಲ್ಲ" ಅಂತಾಳೆ. 'ಹೋದ ವಾರನೂ ಇದೇ ಹೇಳಿದ್ದೆಯಲ್ಲ' ಅನ್ನೋ ಮಾತು ನಿಮ್ಮ ನಾಲಿಗೆ ತುದಿಗೆ ಬಂದಿರುತ್ತೆ. ನುಂಗಿಬಿಡಿ. "ಈಗ ಹೇಗಿದೆ ಮಗು? ಹೋಗು" ಅನ್ನಿ. ಅವಳು ಹೇಳಿದ್ದು ಸುಳ್ಳಾದರೆ ನಿಮಗೇನು ಹೋಯಿತು? ಒಂದು ದಿನ ನಿಮ್ಮ ಪಾತ್ರೆ ನೀವೇ ತೊಳೆದಿರಿ. ನಿಜವಾದರೆ, ಆ ಹೊತ್ತಿಗೆ ಒಬ್ಬಳು ತಾಯಿ ತನ್ನ ಮಗುವಿನ ಪಕ್ಕದಲ್ಲಿರ್ತಾಳೆ.