ಗದ್ದಲದೊಳಗಿನ ಒಂದು ದನಿ

ಪೋರ್ಟ್ ಆಫ್ ಸ್ಪೇನಿನ ಬಸ್ಸಿಗೆ ಕಾಯುವ ಸಾಲಿನಲ್ಲಿ ವರ್ನಾಳ ಮುಂದಿದ್ದ ಮುದುಕನ ಅಂಗಿಯಿಂದ ಕಾದ ತಗಡಿನ ವಾಸನೆ ಬಂತು. ಎಣ್ಣೆಯ ತಗಡು ಪೀಪಾಯಿ ಸುಟ್ಟು, ಸುತ್ತಿಗೆಯಿಂದ ಬಡಿದು ಪ್ಯಾನ್ ವಾದ್ಯ ಮಾಡುತ್ತಿದ್ದ ಬಾಲ್ಯದ ಅಂಗಳ ಅವಳ ಕಣ್ಣಮುಂದೆ ತೇಲಿತು.

"ಅಣ್ಣಾ, ಕಿವಿ ಮಂದವಾಗಿದೆ ಅಂದ್ರಲ್ಲ ಡಾಕ್ಟ್ರು. ಇನ್ನು ಪ್ಯಾನ್ ಶ್ರುತಿ ಮಾಡೋದು ಬಿಡು," ಎಂದಳು ಅವನ ತಂಗಿ.

"ನಿನ್ನ ಬೈಗುಳ ಚೆನ್ನಾಗೇ ಕೇಳಿಸ್ತದೆ, ಐಯೋನಿ."

"ತಮಾಷೆ ಸಾಕು. ಸುತ್ತಿಗೆ ಬಚ್ಚಿಟ್ಟಿದ್ದೀನಿ."

"ಶ್... ನಮ್ಮ ಹಿಂದೆ ಒಬ್ಬ ತಾಯಿ ತನ್ನ ಮಗಳಿಗೆ, 'ನೀನು ತಿನ್ನು, ನಂಗೆ ಹಸಿವಿಲ್ಲ' ಅಂತಿದ್ದಾಳೆ. ದನಿ ನಡುಗ್ತಿದೆ. ಸುಳ್ಳು."

"ಈ ಗಲಾಟೇಲಿ ಕೇಳಿಸ್ತಾ ನಿಂಗೆ?"

"ನೂರು ಪ್ಯಾನ್ ನಡುವೆ ಒಂದು ಸ್ವರ ಹುಡುಕಿದ ಕಿವಿ ಕಣೇ."

ಆ ತಾಯಿಯ ಪಕ್ಕದಲ್ಲೇ ನಿಂತಿದ್ದ ವರ್ನಾಳಿಗೂ ಅದು ಕೇಳಿಸಿರಲಿಲ್ಲ.

ಬಸ್ಸು ಬಂತು.

"ಸುತ್ತಿಗೆ ಅಕ್ಕಿ ಡಬ್ಬೀಲಿದೆ," ಎಂದಳು ಐಯೋನಿ. ತಮ್ಮಿಬ್ಬರ ರೊಟ್ಟಿಯ ಪೊಟ್ಟಣವನ್ನು ಆ ತಾಯಿಯ ಕೈಗಿಟ್ಟು, ಅಣ್ಣನೊಡನೆ ಬಸ್ಸು ಹತ್ತಿದಳು.