ಮಣ್ಣು ಮುಟ್ಟಿ ಯೋಳು

ಕೂತ್ಕೊ ಕೆಂಪಯ್ಯಣ್ಣ, ಎದ್ರೆ ಎಂಗೆ? ಟೀ ಮುಗ್ಸು. ಇದೇನು ಪೊಲೀಸ್ ಠಾಣೆನಾ? ನಮ್ಮ ವಿಚಾರ ವೇದಿಕೆ ಆಫೀಸು ಕಣ. ಆ ತಟ್ಟೆನಾ? ಮಣ್ಣು. ನಿನ್ನ ಹೊಲದ್ದೇ. ಇಲ್ಲಿ ನೆಲಕ್ಕೆಲ್ಲ ಟೈಲ್ಸ್ ಆಕ್ಬುಟ್ಟವ್ರೆ, ಅದಕ್ಕೇ ತರಿಸ್ದೆ.

ಯಾಕೆ ನಗ್ತೀಯ? ಗೊತ್ತು ಬುಡು. ಆಣೆ ಪ್ರಮಾಣ ಎಲ್ಲ ಮೂಢನಂಬಿಕೆ ಅಂತ ಚಂದಕವಾಡಿಲಿ ಮೈಕ್ ಇಡ್ಕೊಂಡು ಕೂಗೋನು ನಾನೇ. ಏನ್ ಮಾಡ್ಲಿ, ಊರು ನನ್ನ ಮಾತು ನಂಬಾಕಿಲ್ಲ. ಹೊಲದ ಬದಿನ ಜಗಳ ಆಗ್ಲಿ, ದನ ಮೇಯ್ಸಿದ ಜಗಳ ಆಗ್ಲಿ, ಕೆಂಪಯ್ಯ ಮಣ್ಣು ಮುಟ್ಟಿ ಯೋಳುದ್ರೆ ಮುಗೀತು. ನಾನು ಮೂಟೆಗಟ್ಟಲೆ ಪುಸ್ತಕ ಓದ್ಕೊಂಡು ಬಂದ್ರೂ... ಬುಡು.

ಓದ ವಾರ ಶಾಲೇಲಿ ನೀನು ಮಾಡಿದ್ದೇನು? ಭೂಮಿ ತಿರುಗ್ತದೆ ಅಂತ ನಾನು ಮಕ್ಕಳಿಗೆ ಗ್ಲೋಬ್ ತೋರಿಸ್ತಾವ್ನಿ, ನೀನು ಬಾಗ್ಲಲ್ಲಿ ನಿಂತ್ಕೊಂಡು, 'ಭೂಮ್ತಾಯಿ ನಿಂತಲ್ಲೇ ಅವ್ಳೆ ಕಣಪ್ಪ. ಅವಳೇ ತಿರುಗೋದಾದ್ರೆ ಸೂರ್ಯಕಾಂತಿ ಯಾಕೆ ಕತ್ತು ತಿರುಗ್ಸ್ಬೇಕು' ಅಂದೆ. ಮಕ್ಕಳು ನಕ್ಕವು. ಮೇಷ್ಟ್ರೂ ನಕ್ಕ. ನಂಗೆ ತಕ್ಷಣಕ್ಕೆ ಉತ್ತರ ಹೊಳೀಲಿಲ್ಲ. ಹೌದು, ಹೊಳೀಲಿಲ್ಲ. ಏನೀಗ?

ಕೇಳು. ನಾನೂರು ವರ್ಷದ ಕೆಳಗೆ ಇಟಲೀಲಿ ಗೆಲಿಲಿಯೊ ಅಂತ ಒಬ್ಬ ಇದ್ದ. ಮುದುಕ, ನಿನ್ನಂಗೇ. ಭೂಮಿ ತಿರುಗ್ತದೆ ಅಂದ. ಪಾದ್ರಿಗಳಿಗೆ ಉರ್ದೋಯ್ತು. ಭೂಮಿ ಅಲ್ಲಾಡಾಕಿಲ್ಲ ಅಂತ ದೇವರ ಗ್ರಂಥದಲ್ಲೇ ಅದೆ, ನೀನ್ಯಾವನಲಾ ಅಂದ್ರು. ಕರೆಸಿ ಕೂರಿಸ್ಕೊಂಡ್ರು. ಚಿತ್ರಹಿಂಸೆ ಕೊಡ್ತೀವಿ ಅಂತ ಹೆದರಿಸುದ್ರು. ಕೊನೆಗೆ ಅದೇ ಗ್ರಂಥ ಮುಟ್ಟಿಸಿ, ನಾನಂದಿದ್ದು ತಪ್ಪು ಅಂತ ಯೋಳಿಸುದ್ರು. ಥೂ... ನೆನೆಸ್ಕೊಂಡ್ರೆ ಈಗ್ಲೂ ಮೈ ಉರೀತದೆ.

ತಟ್ಟೆ ಯಾಕೆ ಈಕಡೆ ತಳ್ತೀಯ? ಅದೇ ಬೇರೆ, ಇದೇ ಬೇರೆ. ಅವರು ಸುಳ್ಳು ಯೋಳಿಸುದ್ರು, ನಾನು ನಿಜ ಯೋಳಿಸ್ತಾವ್ನಿ. ಮಣ್ಣು ಮುಟ್ಟು, ಈ ಫೋನಲ್ಲಿ ವಿಡಿಯೊ ಇಡೀತೀನಿ, ಇದನ್ನ ನೋಡ್ಕೊಂಡು 'ಭೂಮಿ ತಿರುಗ್ತದೆ' ಅನ್ನು. ಒಂದೇ ಮಾತು.

ಏನು, ನಿನ್ನ ಸೊಸೆ ವಿಷ್ಯಾನಾ? ಅದನ್ನ ಇದಕ್ಕೆ ಸೇರಿಸ್ಬೇಡ. ಲಕ್ಷ್ಮಿದೇವಿನ ಬಿಸಿಯೂಟದ ಅಡುಗೆಯಿಂದ ಬುಡಿಸಿದ್ದು ಸಾರಲ್ಲಿ ಹುಳ ಅಂತ ತಾಯಂದ್ರು ದೂರು ಕೊಟ್ಟಿದ್ದಕ್ಕೆ. ನಾನು ಶಾಲಾ ಸಮಿತಿ ಅಧ್ಯಕ್ಷ. ದೂರು ಬಂದ್ರೆ ಕಣ್ಮುಚ್ಕೊಂಡು ಇರಾಕಾಯ್ತದಾ?

ಆಯ್ತು. ನೀನು ಇದನ್ನ ಯೋಳ್ಬುಡು, ನಾಳೆಯಿಂದ್ಲೇ ಅವಳು ಒಲೆ ಹಚ್ಲಿ. ದೂರು ನಾನು ನೋಡ್ಕೊತೀನಿ.

ಯಾಕಂಗೆ ನೋಡ್ತೀಯ?

ಬೈಯಿ ಬೇಕಾದ್ರೆ... ಯಾವ ತಾಯಂದ್ರು ಅಂತ ತಾನೆ? ಹೆಸರು ಬೇಕಾ ನಿಂಗೆ?

ಯಾರೂ ಇಲ್ಲ. ಯಾರೂ ದೂರು ಕೊಟ್ಟಿಲ್ಲ. ಹುಳಾನೂ ಇರ್ಲಿಲ್ಲ. ಆ ಸಾರು ನಾನೂ ಉಂಡಿದ್ದೆ, ಚೆನ್ನಾಗೇ ಇತ್ತು... ಸಾಕಾ?

ಈಗ ಕೈ ಇಡು. ಮಾತು ಬ್ಯಾಡ, ಮುಟ್ಟು ಸಾಕು. ಎಲ್ಲಿ, ಕೊಡಿಲ್ಲಿ ಕೈನ. ಮುಷ್ಟಿ ಬಿಗಿ ಇಡೀಬೇಡ ಕೆಂಪಯ್ಯಣ್ಣ, ನಿಂಗೇ ನೋವಾಯ್ತದೆ. ನಾನೇ ಮುಟ್ಟಿಸ್ತೀನಿ.